ಬಾಯಿಮಾತಿನ ಇತಿಹಾಸ

ನಮ್ಮ ನಾಡಿನ ಹಳ್ಳಿಗಳ ಹೊರವಲಯದಲ್ಲಿ, ಕೆರೆಯ ಏರಿಯ ಮೇಲೆ, ಹಾಳುಬಿದ್ದ ಗುಡಿಯ ಮಗ್ಗುಲಲ್ಲಿ ನಿಂತಿರುವ ವೀರಗಲ್ಲುಗಳನ್ನು ಶ್ರೋತೃಗಳಲ್ಲಿ ಬಹುಮಂದಿ ಕಂಡಿರುತ್ತೀರಿ. ಸಾಮಾನ್ಯವಾಗಿ ಮೂರು ಅಂಕಣಗಳ ಕಲ್ಲು. ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುತ್ತಿರುವ ನೋಟ, ಮೇಲೆ ದೇವಸನ್ನಿಧಿಯಲ್ಲಿ ಅವನು ಕುಳಿತಿರುವ ಚಿತ್ರ. ತುರುಗಳನ್ನು ಬಿಡಿಸಲು ಹೋಗಿ ಮಡಿದವನು, ಊರಳಿವಿನಲ್ಲಿ ಕಾದಿ ಬಿದ್ದವನು, ಹೆಣ್ಣಿನ ಮಾನ ಕಾಯಲು ನಿಂತವನು, ಇಂಥವರ ನೆನಪನ್ನು ಊರಿನವರು ತಾವು ದಿನನಿತ್ಯ ಓಡಾಡುವ ದಾರಿಯಲ್ಲಿಯೇ ನಿಲ್ಲಿಸಿಕೊಂಡರು. ಆತಕೂರಿನ ಕಲ್ಲನ್ನು ನೋಡಿ. ಕ್ರಿ.ಶ. 949ರ ಸುಮಾರಿನ ಆ ಶಾಸನದಲ್ಲಿ ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನು ಹತನಾದ ಸಂಗತಿಯೂ ಉಂಟು. ಕಾಳಿ ಎಂಬ ನಾಯಿಯು ಹಂದಿಯೊಡನೆ ಹೋರಾಡಿ ಅದನ್ನು ಕೊಂದು ತಾನೂ ಸತ್ತ ಸಂಗತಿಯೂ ಉಂಟು. ಒಂದು ಸಾಮ್ರಾಜ್ಯದ ಸುದ್ದಿಗೂ ಒಂದು ನಾಯಿಯ ಸುದ್ದಿಗೂ ಒಂದೇ ಕಲ್ಲಿನಲ್ಲಿ ಎಡೆ ದೊರೆತಿದೆ. ಈಗಿನ ಪಠ್ಯಪುಸ್ತಕಗಳಲ್ಲಿ ಅಂಥ ಔದಾರ್ಯ ಅಪರೂಪವೆಂದೇ ಹೇಳಬೇಕು.

ವಿದ್ವಾಂಸರ ಗ್ರಂಥಗಳಲ್ಲಿ ಅಡಗಿರದೆ ಜನರ ಕಣ್ಣೆದುರಿಗೆ ನಿಲ್ಲುವ ಈ ಬಗೆಯ ಇತಿಹಾಸಕ್ಕೆ ಇಂದು 'ಸಾರ್ವಜನಿಕ ಇತಿಹಾಸ' ಎಂಬ ಹೆಸರು ಬಂದಿದೆ. ವಸ್ತುಸಂಗ್ರಹಾಲಯ, ಹುತಾತ್ಮರ ಸ್ಮಾರಕ, ಬೀದಿಯ ನಾಮಫಲಕ, ಆಕಾಶವಾಣಿಯ ರೂಪಕ, ಇವೆಲ್ಲವೂ ಅದರ ವ್ಯಾಪ್ತಿಗೆ ಸೇರುತ್ತವೆ. 1976ರ ಸುಮಾರಿಗೆ ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂತಾ ಬಾರ್ಬರಾ ಶಾಖೆಯಲ್ಲಿ ರಾಬರ್ಟ್ ಕೆಲಿ ಎಂಬವರು ಅದನ್ನು ಒಂದು ಅಧ್ಯಯನ ವಿಷಯವನ್ನಾಗಿ ಮಾಡಿದರು. ಹೆಸರು ಹೊಸದು, ಪದಾರ್ಥ ಹಳೆಯದು. ಆದರೆ ನನಗೆ ವೀರಗಲ್ಲಿನ ಮುಂದೆ ನಿಂತಾಗಲೆಲ್ಲ ಏಳುವ ಪ್ರಶ್ನೆ ಬೇರೆ. ಆ ಕಲ್ಲನ್ನು ಕಡೆದ ಶಿಲ್ಪಿಗೆ ನಡೆದ ಸಂಗತಿಯನ್ನು ಹೇಳಿದವರಾರು? ಕಾಳಗವನ್ನು ಕಣ್ಣಾರೆ ಕಂಡವರೊ, ಕಂಡವರಿಂದ ಕೇಳಿದವರೊ, ಸತ್ತವನ ಮನೆಯವರೊ? ಅವರು ಹೇಳಿದುದರಲ್ಲಿ ಕಲ್ಲಿಗೆ ಏರಿದ್ದು ಎಷ್ಟು, ಬಿಟ್ಟುಹೋದದ್ದು ಎಷ್ಟು? ಆ ಬಾಯಿಮಾತು ಈಗ ನಮಗೆ ದಕ್ಕುವಂತಿಲ್ಲ. ನಮ್ಮ ಕಾಲದ ಸಂಗತಿಗಳ ಮಟ್ಟಿಗಾದರೋ ಅದು ದಕ್ಕುತ್ತದೆ, ಕೇಳುವವರಿರಬೇಕು ಅಷ್ಟೆ. ಹಾಗೆ ಕೇಳಿ, ದಾಖಲಿಸಿ, ಪರಾಮರ್ಶಿಸುವ ವಿದ್ಯೆಯೇ ಮೌಖಿಕ ಇತಿಹಾಸ. ಇಂದಿನ ನನ್ನ ಮಾತು ಅದನ್ನು ಕುರಿತದ್ದು.

ಮೊದಲು ಒಂದು ಭೇದವನ್ನು ಸ್ಪಷ್ಟಪಡಿಸಿಕೊಳ್ಳುವುದು ಒಳ್ಳೆಯದು. ತಲೆಮಾರಿನಿಂದ ತಲೆಮಾರಿಗೆ ಹಾಡಾಗಿ, ಕಥೆಯಾಗಿ ಹರಿದುಬಂದದ್ದು ಮೌಖಿಕ ಪರಂಪರೆ. ತಾನು ಬದುಕಿದ್ದನ್ನು, ಕಂಡದ್ದನ್ನು ಒಬ್ಬ ವ್ಯಕ್ತಿ ತನ್ನ ಮಾತಿನಲ್ಲಿ ಹೇಳಿದಾಗ ಅದು ಮೌಖಿಕ ಇತಿಹಾಸದ ಆಕರ. ಹಲಗಲಿಯ ಬೇಡರ ಲಾವಣಿ ಮೊದಲನೆಯ ವರ್ಗಕ್ಕೆ ಸೇರುತ್ತದೆ. 1857ರಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂಬ ಸರ್ಕಾರದ ಕಟ್ಟಳೆಗೆ ಮಣಿಯದೆ ಹೋರಾಡಿದ ಬೇಡರನ್ನು ಕುರಿತ ಆ ಪದವನ್ನು ಜೆ. ಎಫ್. ಫ್ಲೀಟರು 1880ರ ದಶಕದಲ್ಲಿ 'ಇಂಡಿಯನ್ ಆಂಟಿಕ್ವೆರಿ'ಯಲ್ಲಿ ಅಚ್ಚುಮಾಡಿಸಿದರು. ಅದು ಶಾಲೆಯ ಪಠ್ಯದಲ್ಲಿಯೂ ಬಂದುದರಿಂದ ನಿಮ್ಮಲ್ಲಿ ಅನೇಕರಿಗೆ ಪರಿಚಿತ. ಅದರಲ್ಲಿ ಊರು ಲೂಟಿಯಾದ ಭಾಗವನ್ನು ನೆನಪುಮಾಡಿಕೊಳ್ಳಿ. ಹಾಲು ಬೆಣ್ಣೆಗಳಿಂದ ಹಿಡಿದು ಉಪ್ಪು, ಎಣ್ಣೆ, ಅರಿಸಿನ, ಜೀರಿಗೆಗಳವರೆಗೆ, ಬೀಸುವ ಕಲ್ಲು, ಮಂಗಳಸೂತ್ರದವರೆಗೆ ಲಾವಣಿಕಾರ ಒಂದೊಂದನ್ನೂ ಎಣಿಸುತ್ತಾನೆ. ದಂಡಿನ ಅಧಿಕಾರಿಗಳು ಮೇಲಿನವರಿಗೆ ಬರೆದ ವರದಿಯಲ್ಲಿ ಬೀಸುವ ಕಲ್ಲಿಗೆ ಸ್ಥಳವೆಲ್ಲಿಯದು? ಕಾಗದದ ಇತಿಹಾಸ ಕಾಣದೆ ಬಿಡುವುದನ್ನು ಬಾಯಿಮಾತು ಹಿಡಿದಿಡುತ್ತದೆ ಎಂಬ ಮಾತಿಗೆ ಇದಕ್ಕಿಂತ ಸೊಗಸಾದ ಸಾಕ್ಷ್ಯವನ್ನು ನಾನು ಕಂಡಿಲ್ಲ. ಪರಂಪರೆಯ ಮಾತು ಇಷ್ಟಕ್ಕೆ ಸಾಕು. ಈಗ ಬದುಕಿರುವವರ ಸಾಕ್ಷ್ಯಕ್ಕೆ ಬರೋಣ.

1948ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಅಲನ್ ನೆವಿನ್ಸ್ ಎಂಬ ಇತಿಹಾಸಕಾರರು ಈ ಕಾರ್ಯವನ್ನು ಕ್ರಮಬದ್ಧವಾಗಿ ಆರಂಭಿಸಿದರು. ದೊಡ್ಡ ದೊಡ್ಡ ಜನ ಈಗ ಪತ್ರ ಬರೆಯುವುದನ್ನು ಬಿಟ್ಟು ದೂರವಾಣಿಯಲ್ಲಿ ಮಾತಾಡಿ ಮುಗಿಸುತ್ತಿದ್ದಾರೆ, ಆದುದರಿಂದ ಅವರ ನೆನಪುಗಳನ್ನು ಕೇಳಿ ಬರೆದಿಡಬೇಕು ಎಂಬುದು ಅವರ ಕಳವಳವಾಗಿತ್ತು. ಮಂತ್ರಿಗಳು, ನ್ಯಾಯಾಧೀಶರು, ಉದ್ಯಮಪತಿಗಳು, ಇಂಥವರೇ ಮೊದಮೊದಲ ವಕ್ತೃಗಳು. ದೆಹಲಿಯ ತೀನ್ ಮೂರ್ತಿ ಭವನದ ಸಂಗ್ರಹಾಲಯವೂ 1960ರ ದಶಕದಲ್ಲಿ ಕೈಗೊಂಡ ಧ್ವನಿಮುದ್ರಣಗಳಲ್ಲಿ ರಾಷ್ಟ್ರೀಯ ಚಳವಳಿಯ ಮುಂದಾಳುಗಳಿಗೇ ಅಗ್ರಸ್ಥಾನ ಕೊಟ್ಟಿತು. ಅದು ತಪ್ಪೆಂದಲ್ಲ. ಆದರೆ ಮುಂದಾಳುಗಳು ಹೇಗೂ ಆತ್ಮಕಥೆ ಬರೆಯುತ್ತಾರೆ. ಬರೆಯಲಾರದವರ ಬಳಿಗೆ ಹೋದಾಗ ಈ ವಿದ್ಯೆಗೆ ಅದರ ನಿಜವಾದ ತೊಡಕುಗಳು ಎದುರಾದುವು. ಆ ತೊಡಕುಗಳಲ್ಲಿಯೇ ಅದರ ಸತ್ತ್ವವೂ ಹೊರಪಟ್ಟಿತು.

ತೊಡಕುಗಳಲ್ಲಿ ಹಿರಿಯದು ನೆನಪಿನ ತಪ್ಪು. ಐವತ್ತು ವರ್ಷದ ಹಿಂದಿನದನ್ನು ಹೇಳುವಾಗ ಮುದುಕನೊಬ್ಬ ಇಸವಿಯನ್ನು ತಪ್ಪಿ ಹೇಳಿದರೆ ಅವನ ಮಾತಿಗೆ ಬೆಲೆಯೇನು? ನ್ಯಾಯಾಲಯದಲ್ಲಿ ವಕೀಲರು ಅಂಥ ಸಾಕ್ಷಿಯನ್ನು ಒಂದೇ ಪ್ರಶ್ನೆಯಲ್ಲಿ ಕೆಳಗಿಳಿಸುತ್ತಾರೆ. ಬಹುಕಾಲ ಇತಿಹಾಸಕಾರರೂ ಹಾಗೆಯೇ ಮಾಡಿದರು. ಈ ಪ್ರಶ್ನೆಗೆ ಹೊಸ ಉತ್ತರ ಕೊಟ್ಟವರು ಇಟಲಿಯ ಅಲೆಸ್ಸಾಂದ್ರೊ ಪೋರ್ತೆಲ್ಲಿ. ಅವರು ವೃತ್ತಿಯಿಂದ ಇತಿಹಾಸದ ಅಧ್ಯಾಪಕರಲ್ಲ. ರೋಮ್ ವಿಶ್ವವಿದ್ಯಾಲಯದಲ್ಲಿ ಅಮೆರಿಕನ್ ಸಾಹಿತ್ಯವನ್ನು ಕಲಿಸಿದವರು, ಜನಪದ ಗೀತೆಗಳನ್ನು ಹುಡುಕಿಕೊಂಡು ಊರೂರು ತಿರುಗಿದವರು. ಸಾಹಿತ್ಯದವನೊಬ್ಬ ಇತಿಹಾಸದವರಿಗೆ ಪಾಠ ಹೇಳಿದ ಈ ಪ್ರಸಂಗವನ್ನು ವಿವರಿಸುವುದರಲ್ಲಿ ನನಗೆ ಸ್ವಲ್ಪ ಸ್ವಜಾತಿಯ ಅಭಿಮಾನವೂ ಇದೆಯೆಂದು ಶ್ರೋತೃಗಳು ಊಹಿಸಿದರೆ ನಾನು ಅಲ್ಲಗಳೆಯುವುದಿಲ್ಲ.

ರೋಮಿನ ಉತ್ತರಕ್ಕೆ ತೆರ್ನಿ ಎಂಬ ಪಟ್ಟಣವಿದೆ. 1884ರಲ್ಲಿ ಸ್ಥಾಪಿತವಾದ ಉಕ್ಕಿನ ಕಾರ್ಖಾನೆಯೇ ಅದರ ಜೀವ. ನಮ್ಮ ಭದ್ರಾವತಿಯಂಥ ಊರು ಎಂದಿಟ್ಟುಕೊಳ್ಳಿ. 1949ರ ಮಾರ್ಚ್ 17ರಂದು, ಇಟಲಿಯು ನೇಟೊ ಒಕ್ಕೂಟವನ್ನು ಸೇರುವುದನ್ನು ಪ್ರತಿಭಟಿಸಿ ಕಾರ್ಮಿಕರು ಕಾರ್ಖಾನೆಯಿಂದ ಹೊರಬಂದರು. ಪೊಲೀಸರೊಡನೆ ಘರ್ಷಣೆಯಾಯಿತು. ಅರ್ಧಗಂಟೆಯೂ ನಡೆಯದ ಆ ಗಲಭೆಯಲ್ಲಿ ಲೂಯಿಜಿ ತ್ರಾಸ್ತುಲ್ಲಿ ಎಂಬ ಇಪ್ಪತ್ತೊಂದು ವರ್ಷದ ಕಾರ್ಮಿಕ ಗುಂಡೇಟಿನಿಂದ ಸತ್ತ. ಇದು ಪತ್ರಿಕೆಗಳಲ್ಲಿಯೂ ಸರ್ಕಾರದ ಕಡತಗಳಲ್ಲಿಯೂ ದಾಖಲಾದ ಸಂಗತಿ. ದಿನಾಂಕದ ಬಗ್ಗೆ ಯಾವ ಸಂಶಯಕ್ಕೂ ಎಡೆಯಿಲ್ಲ.

1970ರ ದಶಕದಲ್ಲಿ ಪೋರ್ತೆಲ್ಲಿಯವರು ತೆರ್ನಿಯ ಹಳೆಯ ಕಾರ್ಮಿಕರನ್ನು ಮಾತಾಡಿಸುತ್ತ ಹೋದಾಗ ಒಂದು ವಿಚಿತ್ರ ಕಂಡುಬಂತು. ತ್ರಾಸ್ತುಲ್ಲಿ ಸತ್ತದ್ದು 1953ರಲ್ಲಿ ಎಂದು ಅನೇಕರು ಹೇಳಿದರು. ಅವನು ಸತ್ತದ್ದು ನೇಟೊ ಪ್ರತಿಭಟನೆಯಲ್ಲಿ ಅಲ್ಲ, ಕಾರ್ಖಾನೆಯವರು ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಕೆಲಸದಿಂದ ತೆಗೆದುಹಾಕಿದಾಗ ನಡೆದ ಬೀದಿ ಹೋರಾಟದಲ್ಲಿ ಎಂದರು. ಆ ಹೋರಾಟವೂ ನಿಜವೇ. ಅದು 1953ರಲ್ಲಿ ನಡೆಯಿತು, ದಿನಗಟ್ಟಲೆ ನಡೆಯಿತು, ಬೀದಿಗಳಲ್ಲಿ ಅಡ್ಡಗಟ್ಟೆಗಳೆದ್ದುವು. ಆದರೆ ತ್ರಾಸ್ತುಲ್ಲಿ ಆಗ ಸತ್ತು ನಾಲ್ಕು ವರ್ಷವಾಗಿತ್ತು. ಒಬ್ಬಿಬ್ಬರು ಮರೆಗುಳಿಗಳು ಹೀಗೆ ಹೇಳಿದ್ದರೆ ಬಿಡಬಹುದಾಗಿತ್ತು. ಚೆನ್ನಾಗಿ ನೆನಪಿರುವ, ಬೇರೆಲ್ಲ ವಿಷಯಗಳಲ್ಲಿ ಲೆಕ್ಕ ತಪ್ಪದ ಜನ ಒಂದೇ ತಪ್ಪನ್ನು ಒಂದೇ ದಿಕ್ಕಿನಲ್ಲಿ ಮಾಡುತ್ತಿದ್ದರು. ತಪ್ಪುಗಳು ಮರೆವಿನಿಂದ ಆದಾಗ ಚದರಿ ಬೀಳುತ್ತವೆ. ಇಲ್ಲಿ ಅವು ಒಂದೆಡೆ ಕೂಡಿದ್ದುವು.

ಪೋರ್ತೆಲ್ಲಿಯವರು ಆ ತಪ್ಪನ್ನು ತಿದ್ದಿ ಮುಂದೆ ಸಾಗಲಿಲ್ಲ. ಏಕೆ ಹೀಗೆ ಎಂದು ವಿಚಾರಿಸಿದರು. ಯುದ್ಧಕಾಲದಲ್ಲಿ ಫ್ಯಾಸಿಸ್ಟರ ವಿರುದ್ಧ ಆಯುಧ ಹಿಡಿದು ಕಾದಿದ ಊರು ಅದು. ತಮ್ಮವನೊಬ್ಬನನ್ನು ತಮ್ಮ ಕಣ್ಣೆದುರಿಗೆ ಪೊಲೀಸರು ಕೊಂದಾಗ, ಆ ಹೊತ್ತಿನಲ್ಲಿ ಅವರು ಏನನ್ನೂ ಮಾಡಲಾಗಲಿಲ್ಲ. ಪಕ್ಷದ ನಾಯಕರು ಶಾಂತರಾಗಿರಿ ಎಂದರು; ಇವರು ಶಾಂತರಾಗಿದ್ದರು. ಆ ಅವಮಾನ ಒಳಗೆ ಉಳಿಯಿತು. ನೆನಪು ಆ ಸಾವನ್ನು ಮೆಲ್ಲನೆ ಎತ್ತಿ, ಊರಿಗೆ ಊರೇ ಬೀದಿಗಿಳಿದು ಎದುರಿಸಿದ 1953ರ ದಿನಗಳ ನಡುವೆ ತಂದಿಟ್ಟಿತು. ಅಲ್ಲಿ ಅವನ ಸಾವಿಗೆ ಪ್ರತ್ಯುತ್ತರವಿತ್ತು. ಇನ್ನೊಂದು ಕಾರಣವೂ ಉಂಟು. ನೇಟೊ ಎಂಬುದು ದೂರದ ರಾಜಕೀಯ. ಕೆಲಸ ಕಳೆದುಕೊಂಡದ್ದು ಮನೆಮನೆಯ ಸಂಕಟ. ಒಂದು ಜೀವ ಹೋಗುವುದಾದರೆ ಅದು ದೊಡ್ಡ ಕಾರಣಕ್ಕೆ ಹೋಗಿರಬೇಕು ಎಂದು ಮನಸ್ಸು ಬಯಸುತ್ತದೆ, ಮತ್ತು ತೆರ್ನಿಯ ಕಾರ್ಮಿಕನಿಗೆ ಅನ್ನಕ್ಕಿಂತ ದೊಡ್ಡ ಕಾರಣವಿರಲಿಲ್ಲ. ಹಾಗಾಗಿ ಕಡತಗಳು ಅವನು ಯಾವಾಗ ಸತ್ತನೆಂಬುದನ್ನು ಹೇಳಿದರೆ, ಅವನ ಸಾವು ಆ ಜನಕ್ಕೆ ಏನಾಗಿತ್ತು ಎಂಬುದನ್ನು ತಪ್ಪು ಇಸವಿಯೇ ಹೇಳಿತು.

ಕಾವ್ಯಮೀಮಾಂಸೆ ಬಲ್ಲವರಿಗೆ ಇದು ತೀರ ಅಪರಿಚಿತವಾದ ವ್ಯಾಪಾರವಲ್ಲ. ಮೂಲಕಥೆಯಲ್ಲಿ ಕವಿಯು ರಸೋಚಿತವಾಗಿ ಮಾರ್ಪಾಟು ಮಾಡಿಕೊಳ್ಳಬಹುದೆಂದು ಆನಂದವರ್ಧನನು ಒಪ್ಪುತ್ತಾನೆ. ವ್ಯತ್ಯಾಸವೇನೆಂದರೆ, ಕವಿಗೆ ತಾನು ಮಾರ್ಪಡಿಸುತ್ತಿರುವುದು ತಿಳಿದಿರುತ್ತದೆ. ತೆರ್ನಿಯ ಮುದುಕರಿಗೆ ತಿಳಿದಿರಲಿಲ್ಲ. ಇನ್ನೊಂದು ಮಾತನ್ನೂ ಕೂಡಲೆ ಸೇರಿಸಬೇಕು. ಸರಿಯಾದ ದಿನಾಂಕ ಕಾಗದದಲ್ಲಿ ಇದ್ದುದರಿಂದಲೇ ಈ ತಪ್ಪು ತಪ್ಪೆಂದು ಗೊತ್ತಾಯಿತು, ಗೊತ್ತಾದುದರಿಂದಲೇ ಅದಕ್ಕೆ ಅರ್ಥ ಬಂತು. ಬಾಯಿಮಾತೊಂದಿದ್ದರೆ ಸಾಕು, ಕಡತಗಳೆಲ್ಲ ಆಳುವವರ ಸುಳ್ಳು ಎಂದು ಕೆಲವು ಉತ್ಸಾಹಿಗಳು ಹೇಳುವುದುಂಟು. ಆ ಮಾತನ್ನು ನಾನು ಒಪ್ಪುವುದಿಲ್ಲ.

ಏಕೆ ಒಪ್ಪುವುದಿಲ್ಲವೆಂಬುದು ಅದೇ ವಿದ್ವಾಂಸರ ಇನ್ನೊಂದು ಅಧ್ಯಯನದಿಂದ ವಿಶದವಾಗುತ್ತದೆ. 1944ರ ಮಾರ್ಚ್ 23ರಂದು, ಜರ್ಮನರ ವಶದಲ್ಲಿದ್ದ ರೋಮ್ ನಗರದ ವಿಯಾ ರಾಸೆಲ್ಲಾ ಎಂಬ ಬೀದಿಯಲ್ಲಿ, ಕಸ ಗುಡಿಸುವವನ ಕೈಗಾಡಿಯಲ್ಲಿ ಅಡಗಿಸಿಟ್ಟ ಬಾಂಬನ್ನು ಪ್ರತಿರೋಧ ಚಳವಳಿಯ ಯುವಕರು ಸಿಡಿಸಿದರು. ಜರ್ಮನ್ ಪೊಲೀಸ್ ದಳದ 33 ಮಂದಿ ಸತ್ತರು. ಮರುದಿನವೇ ಜರ್ಮನರು, ಒಬ್ಬನಿಗೆ ಹತ್ತು ಜನರಂತೆ ಲೆಕ್ಕಹಾಕಿ, ಲೆಕ್ಕದ ಮೇಲೆ ಐವರನ್ನು ಸೇರಿಸಿ, 335 ಜನರನ್ನು ಊರ ಹೊರಗಿನ ಆರ್ದೆಯಾತಿನೆ ಗುಹೆಗಳಿಗೆ ಒಯ್ದು ಗುಂಡಿಕ್ಕಿ ಕೊಂದು, ಗುಹೆಯ ಬಾಯನ್ನು ಸ್ಫೋಟಿಸಿ ಮುಚ್ಚಿದರು. ಬಾಂಬಿಗೂ ಈ ಕೊಲೆಗಳಿಗೂ ನಡುವೆ ಪೂರ್ತಿ ಇಪ್ಪತ್ತನಾಲ್ಕು ಗಂಟೆಗಳೂ ಇರಲಿಲ್ಲ. ಪ್ರತೀಕಾರದ ಪ್ರಕಟಣೆ ಪತ್ರಿಕೆಯಲ್ಲಿ ಬಂದದ್ದು 25ರಂದು. ಅಷ್ಟರಲ್ಲಿ ಆಜ್ಞೆಯನ್ನು ನೆರವೇರಿಸಿ ಆಗಿತ್ತು.

ಐವತ್ತು ವರ್ಷಗಳ ತರುವಾಯ ಪೋರ್ತೆಲ್ಲಿಯವರು ಸುಮಾರು ಇನ್ನೂರು ಮಂದಿಯನ್ನು ಮಾತಾಡಿಸಿದರು. ರೋಮಿನಲ್ಲಿ ವ್ಯಾಪಕವಾಗಿದ್ದ ನಂಬಿಕೆ ಏನೆಂದರೆ: 'ಬಾಂಬು ಹಾಕಿದವರು ಶರಣಾದರೆ ಉಳಿದವರನ್ನು ಬಿಡುತ್ತೇವೆ ಎಂದು ಜರ್ಮನರು ಗೋಡೆಗಳ ಮೇಲೆಲ್ಲ ಭಿತ್ತಿಪತ್ರ ಹಚ್ಚಿದ್ದರು, ಆ ಹೇಡಿಗಳು ಅಡಗಿಕೊಂಡುದರಿಂದ ಮುಗ್ಧರು ಸತ್ತರು.' ಅಂಥ ಭಿತ್ತಿಪತ್ರವೇ ಇರಲಿಲ್ಲ. ಅದನ್ನು ಹಚ್ಚಲು ಸಮಯವೂ ಇರಲಿಲ್ಲ. ಫ್ಯಾಸಿಸ್ಟರ ಬಗ್ಗೆ ಒಲವಿದ್ದವರು ಮಾತ್ರವಲ್ಲ, ಇಲ್ಲದವರೂ ಇದನ್ನು ನಂಬಿದ್ದರು. ಇಲ್ಲಿಯೂ ನೆನಪು ಕಾಲವನ್ನು ಹಿಗ್ಗಿಸಿತ್ತು. ಒಂದು ದಿನದೊಳಗೆ ಮುಗಿದದ್ದನ್ನು ಹಲವು ದಿನಗಳನ್ನಾಗಿ ಮಾಡಿತ್ತು. ಆದರೆ ಈ ತಪ್ಪಿನ ಗುಣವೇ ಬೇರೆ. ತೆರ್ನಿಯ ತಪ್ಪು ಸತ್ತವನಿಗೆ ಗೌರವ ಕೂಡಿಸಿತು. ರೋಮಿನ ತಪ್ಪು ಕೊಲೆಯ ಹೊಣೆಯನ್ನು ಕೊಂದವರ ಹೆಗಲಿನಿಂದ ಇಳಿಸಿ ಬೇರೆಯವರ ಹೆಗಲಿಗೆ ಏರಿಸಿತು. ಪೋರ್ತೆಲ್ಲಿಯವರು 1999ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಆ ನಂಬಿಕೆ ಹುಟ್ಟಿ ಬೆಳೆದ ಬಗೆಯನ್ನು ಸಹಾನುಭೂತಿಯಿಂದ ವಿವರಿಸಿದ್ದಾರೆ. ಅದು ಸುಳ್ಳೆಂಬುದನ್ನೂ ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಕೇಳುವವನಿಗೆ ಎರಡೂ ಧೈರ್ಯಗಳು ಬೇಕು. ಹೇಳುವವರನ್ನು ಅರ್ಥಮಾಡಿಕೊಳ್ಳುತ್ತೇನೆಂಬ ಸೌಜನ್ಯದಲ್ಲಿ ಸತ್ತವರಿಗೆ ಅನ್ಯಾಯ ಮಾಡುವ ಅಪಾಯ ಈ ವಿದ್ಯೆಯಲ್ಲಿ ಯಾವಾಗಲೂ ಇದ್ದೇ ಇದೆ.

ಹೇಳುವವರ ನೆನಪಿನ ಮಾತಾಯಿತು. ಕೇಳುವವರು ಯಾರೆಂಬುದೂ ಅಷ್ಟೇ ಮುಖ್ಯ. 1930ರ ದಶಕದ ಕೊನೆಯಲ್ಲಿ ಅಮೆರಿಕದ ಸರ್ಕಾರವು ನಿರುದ್ಯೋಗಿ ಬರಹಗಾರರಿಗೆ ಕೆಲಸ ಕೊಡುವ ಯೋಜನೆಯೊಂದರ ಅಡಿಯಲ್ಲಿ, ಹಿಂದೆ ಗುಲಾಮರಾಗಿದ್ದು ಬದುಕಿ ಉಳಿದಿದ್ದ ಎರಡು ಸಾವಿರಕ್ಕೂ ಹೆಚ್ಚು ವೃದ್ಧರ ಹೇಳಿಕೆಗಳನ್ನು ಬರೆಸಿತು. ಅವರಲ್ಲಿ ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್ ನಗರದ ಸೂಸನ್ ಹ್ಯಾಮ್ಲಿನ್ ಎಂಬ ವೃದ್ಧೆಯನ್ನು ಇಬ್ಬರು ಬೇರೆ ಬೇರೆಯಾಗಿ ಕಂಡು ಮಾತಾಡಿಸಿದರು. ಒಬ್ಬಾಕೆ ಬಿಳಿಯ ಮಹಿಳೆ; ಇನ್ನೊಬ್ಬ ಕಪ್ಪು ಜನಾಂಗದವನು. ಬಿಳಿಯಾಕೆಗೆ ಅಜ್ಜಿ ಹೇಳಿದ ಕಥೆಯಲ್ಲಿ ಯಜಮಾನ ಒಳ್ಳೆಯವನು, ದಯಾಳು. ತನ್ನವನಿಗೆ ಹೇಳಿದ ಕಥೆಯಲ್ಲಿ ಛಡಿಯೇಟುಗಳಿವೆ, ಮಕ್ಕಳನ್ನು ತಾಯಂದಿರಿಂದ ಕಿತ್ತು ಮಾರಿದ ವೃತ್ತಾಂತವಿದೆ, ಹೆಂಗಸರ ಗೋಳಾಟವಿದೆ. ಆ ಕಾಲದಲ್ಲಿ ಇಂಥ ವೃದ್ಧರಲ್ಲಿ ಅನೇಕರು, ಬಂದವರು ಸರ್ಕಾರದವರು, ಮುಪ್ಪಿನ ವೇತನ ಕೊಡಿಸಬಲ್ಲವರು ಎಂದು ಭಾವಿಸಿದ್ದರು. ನಮ್ಮ ಹಳ್ಳಿಗಳಲ್ಲಿ ಕ್ಷೇತ್ರಕಾರ್ಯ ಮಾಡಿದವರಿಗೆಲ್ಲ ಇದು ಗೊತ್ತು. ಚೀಲ ಹೆಗಲಿಗೇರಿಸಿಕೊಂಡು ಜಗಲಿಯ ಮೇಲೆ ಕುಳಿತೊಡನೆ ಬರುವ ಮೊದಲ ಪ್ರಶ್ನೆ, 'ಯಾವ ಆಫೀಸಿನಿಂದ ಬಂದಿದ್ದೀರಿ ಸ್ವಾಮಿ? ಪಿಂಚಣಿಯದೇನಾದರೂ ಆಯಿತೆ?' ಎಂಬುದು. ಅದಕ್ಕೆ ನಿಜವಾದ ಉತ್ತರ ಕೊಡದೆ ಮುಂದುವರಿದರೆ ಆಮೇಲೆ ದೊರೆಯುವುದೆಲ್ಲ ಅರ್ಜಿಯ ಭಾಷೆಯಲ್ಲಿಯೇ ದೊರೆಯುತ್ತದೆ.

ಕೆಲವೊಮ್ಮೆ ಯಾರು ಕೇಳಿದರೂ ಹೊರಬಾರದ ಮಾತುಗಳಿರುತ್ತವೆ. 1947ರ ದೇಶವಿಭಜನೆಯನ್ನು ಕುರಿತು ಊರ್ವಶಿ ಬುಟಾಲಿಯಾ ಅವರು ವರ್ಷಗಟ್ಟಲೆ ಜನರನ್ನು ಮಾತಾಡಿಸಿ 1998ರಲ್ಲಿ ಒಂದು ಗ್ರಂಥವನ್ನು ಹೊರತಂದರು. ರಾವಳ್‌ಪಿಂಡಿ ಜಿಲ್ಲೆಯ ಥೋಹಾ ಖಾಲ್ಸಾ ಎಂಬ ಹಳ್ಳಿಯಲ್ಲಿ 1947ರ ಮಾರ್ಚಿಯಲ್ಲಿ ಸುಮಾರು ತೊಂಬತ್ತು ಸಿಖ್ ಹೆಂಗಸರು ಮಾನ ಉಳಿಸಿಕೊಳ್ಳಲು ಬಾವಿಗೆ ಹಾರಿದರೆಂಬುದು ಪ್ರಸಿದ್ಧ ಸಂಗತಿ. ಅವರನ್ನು ವೀರಮಾತೆಯರೆಂದು ಸ್ಮರಿಸುವ ಸಭೆಗಳು ನಡೆದುಬಂದಿವೆ. ಅಂಥ ಇನ್ನೊಂದು ಪ್ರಸಂಗದಲ್ಲಿ ವೃದ್ಧರೊಬ್ಬರು ತಾವೂ ತಮ್ಮ ಸೋದರರೂ ಸೇರಿ ಮನೆಯ ಹದಿನೇಳು ಜನ ಹೆಂಗಸರು ಮಕ್ಕಳ ಜೀವ ತೆಗೆದುದನ್ನು ಹೇಳುತ್ತಾರೆ. 'ಕೊಂದೆವು' ಎಂಬ ಮಾತನ್ನು ಅವರು ಬಳಸಲೊಲ್ಲರು, 'ಹುತಾತ್ಮರಾದರು' ಎನ್ನುತ್ತಾರೆ. ಆ ಹದಿನೇಳು ಜನರಲ್ಲಿ ಒಬ್ಬರಾದರೂ ಒಲ್ಲೆನೆಂದರೆ? ಬುಟಾಲಿಯಾ ಅವರು ಎತ್ತುವ ಪ್ರಶ್ನೆ ಇದೇ. ಉತ್ತರ ಹೇಳಬೇಕಾದವರು ಇಲ್ಲ. ನನಗೆ ಇದನ್ನು ಓದುವಾಗ ನಮ್ಮ ಮಾಸ್ತಿಗಲ್ಲುಗಳ ನೆನಪಾಯಿತು. ಕಂಬದಿಂದ ಚಾಚಿದ ಒಂದು ತೋಳು, ಮೇಲೆತ್ತಿದ ಅಂಗೈ, ಕೈತುಂಬ ಬಳೆ. ಎಷ್ಟೋ ಕಲ್ಲುಗಳಲ್ಲಿ ಮುಖವೂ ಇಲ್ಲ. ಊರು ಪೂಜಿಸಿತು, ಆಕೆಯ ಮಾತನ್ನು ಮಾತ್ರ ಯಾರೂ ಬರೆದುಕೊಳ್ಳಲಿಲ್ಲ.

'ಕೊಂದೆವು', 'ಹುತಾತ್ಮರಾದರು' ಎಂಬ ಈ ಪದವ್ಯತ್ಯಾಸ ನಮ್ಮನ್ನು ಭಾಷೆಯ ವಿಷಯಕ್ಕೆ ತರುತ್ತದೆ. ಇದು ನನ್ನ ಕ್ಷೇತ್ರವಾದುದರಿಂದ ಒಂದೆರಡು ಮಾತು ಹೆಚ್ಚಾಗಿ ಆಡುತ್ತೇನೆ. ಧ್ವನಿಮುದ್ರಿತ ಮಾತನ್ನು ಕಾಗದಕ್ಕಿಳಿಸುವಾಗ ನಮ್ಮ ವಿದ್ಯಾವಂತ ತರುಣರು ಅದನ್ನು ಗ್ರಾಂಥಿಕ ಕನ್ನಡಕ್ಕೆ ತಿದ್ದಿಬಿಡುತ್ತಾರೆ. 'ಹೋಗ್ಯಾನ' ಎಂದದ್ದೂ 'ಹೋಗವ್ನೆ' ಎಂದದ್ದೂ 'ಹೋಗಿದ್ದಾನೆ' ಎಂದಾಗುತ್ತದೆ. ಬೀದರಿನ ಅಜ್ಜಿಯೂ ಚಾಮರಾಜನಗರದ ಅಜ್ಜಿಯೂ ಒಂದೇ ಹೆಂಗಸಾಗಿಬಿಡುತ್ತಾರೆ. ಇದು ಸೊಗಡಿನ ನಷ್ಟ ಮಾತ್ರವಾಗಿದ್ದರೆ ಸಹಿಸಿಕೊಳ್ಳಬಹುದಿತ್ತು, ಅರ್ಥವೇ ಜಾರಿಹೋಗುತ್ತದೆ. ಶರಾವತಿಯ ಮುಳುಗಡೆಯನ್ನೇ ತೆಗೆದುಕೊಳ್ಳಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಕಣಿವೆಯ ಹಳ್ಳಿಗಳು ನೀರಿನಡಿಗೆ ಹೋದವು. ಆ ಸಂಗತಿಯನ್ನು ಹೇಳುವಾಗ ಒಬ್ಬರು 'ಊರು ಮುಳುಗಿತು' ಎನ್ನಬಹುದು, ಮತ್ತೊಬ್ಬರು 'ಊರು ಮುಳುಗಿಸಿದರು' ಎನ್ನಬಹುದು. ವ್ಯಾಕರಣದಲ್ಲಿ ಇದು ಅಕರ್ಮಕ ಧಾತುವಿಗೆ ಪ್ರೇರಣಾರ್ಥಕ ಪ್ರತ್ಯಯ ಸೇರಿದ ಸಣ್ಣ ವಿಷಯ. ಶಾಲೆಯ ಹುಡುಗರಿಗೆ ಒಂದು ಅಂಕದ ಪ್ರಶ್ನೆ. ಇತಿಹಾಸದಲ್ಲಿ ಅದು ಬಂದದ್ದು ವಿಧಿಯೊ, ಯಾರೋ ಮಾಡಿದ ಕಾರ್ಯವೊ ಎಂಬ ನಿರ್ಣಯ. ಮಾತಿನ ಮೊದಲಲ್ಲಿ 'ಮುಳುಗಿತು' ಎಂದವರು ಪರಿಹಾರದ ಹಣದ ಪ್ರಸ್ತಾಪ ಬಂದಾಗ 'ಮುಳುಗಿಸಿದರು' ಎಂದು ಹೊರಳಿದರೆ ಆ ಹೊರಳಿಕೆಯೂ ಕಾಗದದಲ್ಲಿ ಉಳಿಯಬೇಕು. ನಡುವೆ ಮಾತು ನಿಂತು ಅವರು ಎಲೆಯಡಿಕೆಯ ತಟ್ಟೆ ಎಳೆದುಕೊಂಡರೆ ಅದನ್ನೂ ಬರೆಯತಕ್ಕದ್ದು. ಎಷ್ಟೇ ಬರೆದರೂ ಸ್ವರದ ಏರಿಳಿತ ಕಾಗದಕ್ಕೆ ಬಾರದು. ಆದಕಾರಣ ಬರೆಹ ಸಿದ್ಧವಾಯಿತೆಂದು ಮೂಲಧ್ವನಿಯನ್ನು ಅಳಿಸುವುದು ಘೋರವಾದ ಅಪಚಾರ. ಟೇಪು ದುಬಾರಿಯಾಗಿದ್ದ ಕಾಲದಲ್ಲಿ ಒಂದರ ಮೇಲೊಂದು ಮುದ್ರಿಸುವ ಅಭ್ಯಾಸವಿತ್ತು. ಪ್ರತಿಯೊಬ್ಬರ ಜೇಬಿನ ಫೋನಿನಲ್ಲಿಯೂ ಗಂಟೆಗಟ್ಟಲೆ ಮುದ್ರಿಸಬಹುದಾದ ಈ ದಿನಗಳಲ್ಲಿ ಆ ನೆಪವೂ ಉಳಿದಿಲ್ಲ.

ಹೀಗೆ ಸಂಗ್ರಹಿಸಿದ ಮಾತು ಕಪಾಟಿನಲ್ಲಿರುವವರೆಗೆ ಜಗಳವಿಲ್ಲ. ಅದು ಬೀದಿಗೆ ಬಂದು ಫಲಕವಾಗಿ, ಸ್ಮಾರಕವಾಗಿ ನಿಂತಾಗ, ಎಂದರೆ ಸಾರ್ವಜನಿಕ ಇತಿಹಾಸವಾದಾಗ, ಯಾವ ಮಾತನ್ನು ಕೆತ್ತಬೇಕು ಎಂಬ ಪ್ರಶ್ನೆ ಏಳುತ್ತದೆ. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ರಾಷ್ಟ್ರಧ್ವಜ ಹಾರಿಸಲು ಸೇರಿದ್ದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಅದರ ಪರಿಣಾಮ ದೊಡ್ಡದಾಯಿತು. ಸರ್ದಾರ್ ಪಟೇಲರೂ ಆಚಾರ್ಯ ಕೃಪಲಾನಿಯವರೂ ಬಂದು ದಿವಾನ್ ಮಿರ್ಜಾ ಇಸ್ಮಾಯಿಲರೊಡನೆ ಮಾತುಕತೆ ನಡೆಸಿ ಒಪ್ಪಂದವಾಯಿತು. ಸತ್ತವರೆಷ್ಟು? ಸರ್ಕಾರದ ಲೆಕ್ಕದಲ್ಲಿ 10. ಜನರ ಲೆಕ್ಕದಲ್ಲಿ ಮೂವತ್ತಕ್ಕೂ ಮಿಗಿಲು. ಈ ಅಂತರವನ್ನು ಎರಡು ಬಗೆಯಾಗಿ ನೋಡಬಹುದು. ಸರ್ಕಾರಗಳು ಹೆಣಗಳನ್ನು ಕಡಮೆ ಎಣಿಸುವುದು ಜಗತ್ತಿನ ಅನುಭವ. ಬಂಧನಕ್ಕೆ ಅಂಜಿದವರು ತಮ್ಮವರ ಹೆಣಗಳನ್ನು ಗುಟ್ಟಾಗಿ ಒಯ್ದಿರುವುದೂ ಅಸಂಭವವಲ್ಲ. ದುಃಖದಲ್ಲಿ ಸಂಖ್ಯೆ ಬೆಳೆಯುವುದೂ ಮನುಷ್ಯಸ್ವಭಾವ. ಯಾವುದು ಎಷ್ಟೆಂದು ಇಂದು ಕುಳಿತು ತೀರ್ಮಾನಿಸುವುದು ಸುಲಭವಲ್ಲ. ನನ್ನ ಅಭಿಪ್ರಾಯದಲ್ಲಿ ಇಂಥಲ್ಲಿ ಫಲಕದ ಮೇಲೆ ಎರಡು ಸಂಖ್ಯೆಗಳನ್ನೂ ಕೆತ್ತಬೇಕು, ಯಾವುದು ಯಾರದೆಂದು ಹೇಳಿಯೇ ಕೆತ್ತಬೇಕು. ಸ್ಮಾರಕವೆಂದರೆ ಒಂದೇ ಖಚಿತ ಸಂಖ್ಯೆ ಬೇಕು, ಇಲ್ಲವಾದರೆ ಜನ ಗೊಂದಲಕ್ಕೀಡಾಗುತ್ತಾರೆ ಎಂದು ಸಮಿತಿಗಳಲ್ಲಿ ಕುಳಿತವರು ವಾದಿಸುವುದನ್ನು ಕೇಳಿದ್ದೇನೆ. ಮಹಾಭಾರತದ ಹತ್ತು ಪಾಠಗಳನ್ನು ಅರಗಿಸಿಕೊಂಡ ಜನಕ್ಕೆ ಎರಡು ಸಂಖ್ಯೆಗಳಿಂದ ಗೊಂದಲವಾಗುತ್ತದೆಯೆಂದು ನಾನು ನಂಬಲಾರೆ. ರೋಮಿನ ವಿಯಾ ರಾಸೆಲ್ಲಾದಲ್ಲಿ, ಬಾಂಬು ಸಿಡಿದೊಡನೆ ಜರ್ಮನರು ಹುಚ್ಚೆದ್ದು ಹಾರಿಸಿದ ಗುಂಡುಗಳ ಗುರುತುಗಳು ಒಂದು ಮನೆಯ ಗೋಡೆಯ ಮೇಲೆ ಇಂದಿಗೂ ಇವೆ. ಗಾರೆ ಮೆತ್ತದೆ ಹಾಗೆಯೇ ಬಿಟ್ಟ ಗೋಡೆ. ಅದೂ ಒಂದು ಫಲಕವೇ.

ವಿದುರಾಶ್ವತ್ಥವನ್ನು ಕಣ್ಣಾರೆ ಕಂಡವರನ್ನು ಕೇಳುವ ಕಾಲ ಬಹುಮಟ್ಟಿಗೆ ಮುಗಿಯಿತು. ಅಂದು ಹತ್ತು ವರ್ಷದ ಬಾಲಕನಾಗಿದ್ದವನಿಗೂ ಈಗ ತೊಂಬತ್ತರ ಮೇಲೆ ವಯಸ್ಸು. ಶರಾವತಿಯ ಮುಳುಗಡೆಯವರ ವಿಷಯ ಹಾಗಲ್ಲ. 1964ರಲ್ಲಿ ಇಪ್ಪತ್ತರ ಪ್ರಾಯದಲ್ಲಿದ್ದವರು ಎಂಬತ್ತು ದಾಟಿದ್ದರೂ ಅನೇಕರು ಮಾತಾಡುವ ಸ್ಥಿತಿಯಲ್ಲಿದ್ದಾರೆ. ಹಕ್ಕುಪತ್ರದ ವ್ಯಾಜ್ಯ ದಶಕಗಳ ಕಾಲ ಎಳೆದುದರಿಂದ ಅವರ ಬಗ್ಗೆ ಕಡತಗಳಿಗೇನೂ ಕೊರತೆಯಿಲ್ಲ: ಸರ್ವೆ ನಂಬರು, ಎಕರೆ, ಗುಂಟೆ, ಪರಿಹಾರದ ಮೊತ್ತ. ಮನೆಯ ದೇವರನ್ನು ಯಾರು ಹೊತ್ತುಕೊಂಡು ಬಂದರು, ಯಾವ ಬಿತ್ತನೆಯ ಬತ್ತವನ್ನು ಜೊತೆಗೆ ಕಟ್ಟಿಕೊಂಡರು, ಕೊನೆಯ ರಾತ್ರಿ ಒಲೆ ಹಚ್ಚಿದರೊ ಇಲ್ಲವೊ, ಹೊಸ ಊರಿನವರು ಬಾವಿಯ ಬಳಿ ಹೇಗೆ ನೋಡಿದರು, ಇವು ಯಾವ ಕಡತದಲ್ಲಿಯೂ ಇಲ್ಲ. ಬೇಸಗೆಯಲ್ಲಿ ನೀರು ಇಳಿದಾಗ, ಲಿಂಗನಮಕ್ಕಿಗೆ ಮೊದಲು ಕಟ್ಟಿದ್ದ ಮಡೆನೂರಿನ ಹಳೆಯ ಅಣೆಕಟ್ಟು ಹಿನ್ನೀರಿನಿಂದ ಮೇಲೇಳುತ್ತದೆ. ಜನ ಹೋಗಿ ನೋಡಿ ಚಿತ್ರ ತೆಗೆದುಕೊಂಡು ಬರುತ್ತಾರೆ. ಆ ಕಣಿವೆಯಲ್ಲಿ ಹುಟ್ಟಿದವರೊಬ್ಬರು ಜೊತೆಗಿದ್ದು, ಇದೇ ನಮ್ಮ ಗದ್ದೆ, ಇಲ್ಲಿ ನಮ್ಮ ಕಣ ಎಂದು ತೋರಿಸುವುದನ್ನು ಕೇಳಿ ಮುದ್ರಿಸಿಕೊಂಡವರು ಎಷ್ಟು ಮಂದಿಯೊ!

ಮಲೆನಾಡಿನ ಕಾಲೇಜುಗಳ ಕನ್ನಡ ವಿಭಾಗಗಳು ಇದನ್ನು ಮಾಡಬಹುದು; ದೊಡ್ಡ ಅನುದಾನವೇನೂ ಬೇಡ. ಹುಡುಗರು ತಮ್ಮ ಅಜ್ಜ ಅಜ್ಜಿಯರಿಂದಲೇ ಆರಂಭಿಸಲಿ. 'ಮುಳುಗಡೆಯ ಬಗ್ಗೆ ಹೇಳಿ' ಎಂದು ಶುರುಮಾಡಿದರೆ ಪತ್ರಿಕೆಯಲ್ಲಿ ಓದಿದ್ದನ್ನೇ ಅವರು ಮರಳಿಸುತ್ತಾರೆ. 'ಹಳೆಯ ಮನೆಯ ಬಾಗಿಲು ಯಾವ ದಿಕ್ಕಿಗಿತ್ತು' ಎಂದು ಕೇಳಿದರೆ ಉಳಿದದ್ದು ತಾನಾಗಿ ಬರುತ್ತದೆ. ಒಂದು ಸಲ ಹೋಗಿ ಮುಗಿಸತಕ್ಕ ಕೆಲಸವಲ್ಲ. ಎರಡನೆಯ ಸಲ ಹೋದಾಗ, ಮೊದಲ ದಿನ ಹೇಳದೆ ಬಿಟ್ಟದ್ದು ಹೊರಬರುವುದುಂಟು. ಇಸವಿ ತಪ್ಪಿದರೆ ಮಾತಿನ ನಡುವೆ ತಿದ್ದಬಾರದು. ಸರಿಯಾದ ಇಸವಿಯನ್ನು ಬೇರೆ ಹಾಳೆಯಲ್ಲಿ ಬರೆದಿಟ್ಟುಕೊಳ್ಳಬೇಕು. ಯಾರು, ಯಾವ ದಿನ, ಎಲ್ಲಿ ಕುಳಿತು, ಯಾರೆದುರಿಗೆ ಹೇಳಿದರು ಎಂಬ ವಿವರವೂ ಅದೇ ಹಾಳೆಯಲ್ಲಿರಲಿ. ಯಾವ ಭಾಗವನ್ನು ಹೊರಗೆ ಹೇಳಬಹುದು, ಯಾವುದನ್ನು ಅವರ ಕಾಲಾನಂ­ತರವೇ ತೆರೆಯಬೇಕು ಎಂಬ ಒಪ್ಪಿಗೆಯನ್ನು ಓದಿ ಹೇಳಿ ರುಜುವನ್ನೊ ಹೆಬ್ಬೆಟ್ಟನ್ನೊ ಪಡೆಯಬೇಕು. ಒಂದು ಪ್ರತಿ ಕಾಲೇಜಿನಲ್ಲಿ, ಇನ್ನೊಂದು ತಾಲ್ಲೂಕಿನ ಗ್ರಂಥಾಲಯದಲ್ಲಿ. ಮೂರನೆಯದನ್ನು ಹೇಳಿದವರ ಮನೆಗೆ ತಲುಪಿಸಿ, ಅವರ ಮೊಮ್ಮಕ್ಕಳೆದುರಿಗೆ ಒಮ್ಮೆ ಪೂರ್ತಿಯಾಗಿ ಕೇಳಿಸಿ ಬರಬೇಕು.